ಬಾನೆಟ್ ಕೆಳಗಿನ ಅಮೆರಿಕ

ಫೋರ್ಡ್ ಕಂಪನಿ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿದ್ದು 2021ರ ಸೆಪ್ಟೆಂಬರ್ 9ರಂದು. ಷೆವರ್ಲೆ ಅದಕ್ಕೂ ನಾಲ್ಕು ವರ್ಷ ಮೊದಲೇ ಶೋರೂಮಿನ ಬಾಗಿಲು ಹಾಕಿತ್ತು. ಕಂಪನಿ ಎದ್ದು ಹೋದ ಮೇಲೆ ಅದರ ಗಾಡಿಯನ್ನು ಬಂದಷ್ಟಕ್ಕೆ ಕೊಟ್ಟು ಕೈತೊಳೆದುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಆದರೆ ಉತ್ತರ ಬೆಂಗಳೂರಿನ ಆರ್.ಟಿ. ನಗರದಲ್ಲೋ ಯಲಹಂಕದಲ್ಲೋ ಯಾವುದಾದರೂ ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಫೋರ್ಡಿನ ಇಕೋಸ್ಪೋರ್ಟ್ ಇಟ್ಟುಕೊಂಡವರು, ಫಿಗೋ ಡೀಸೆಲ್ ಇಟ್ಟುಕೊಂಡವರು ಮಾರುವ ಮಾತೆತ್ತಿದರೆ ಮುಖ ಗಂಟು ಹಾಕುತ್ತಾರೆ. ‘ಅಮೆರಿಕನ್ ಗಾಡಿ ಸಾರ್, ಬಾಡಿ ಗಟ್ಟಿ, ಪಿಕಪ್ ನೋಡಿ ಹೆಂಗಿದೆ’ ಎನ್ನುತ್ತಾರೆ. ಪಕ್ಕದಲ್ಲಿ ಹಳೆಯ ಷೆವರ್ಲೆ ಕ್ರೂಜ್ ಇಟ್ಟುಕೊಂಡವರೊಬ್ಬರು ಇದ್ದರಂತೂ ಮಾತು ಇನ್ನೂ ಬೆಳೆಯುತ್ತದೆ: ಎಂಜಿನ್ ಚಿನ್ನದಂಥದ್ದು, ಕಂಪನಿ ಮಾತ್ರ ಕೈಕೊಟ್ಟಿತು.

ಬಾಡಿ ಗಟ್ಟಿ ಎಂಬುದನ್ನು ಒಪ್ಪುತ್ತೇನೆ. ಪಿಕಪ್ ಚೆನ್ನಾಗಿದೆ ಎಂಬುದನ್ನೂ ಒಪ್ಪುತ್ತೇನೆ. ಅಮೆರಿಕನ್ ಎಂಬ ವಿಶೇಷಣದ ಬಗ್ಗೆಯೇ ನನ್ನ ತಕರಾರು. ಉತ್ತರ ಬೆಂಗಳೂರಿನ ಕಾರುಪ್ರೇಮಿಗಳು ಅಮೆರಿಕದ್ದೆಂದು ಮುದ್ದಿಸುವ ಎಂಜಿನ್‌ಗಳಲ್ಲಿ ಬಹುಪಾಲು ಅಮೆರಿಕದ್ದಲ್ಲ. ನಿಜಕ್ಕೂ ಅಮೆರಿಕದ್ದಾದ ಎಂಜಿನ್‌ಗಳು ದಿನವೂ ಅವರ ಮುಂದೆಯೇ ಹೊಗೆ ಬಿಡುತ್ತಾ ಹೋಗುತ್ತಿರುತ್ತವೆ. ಅವುಗಳತ್ತ ಯಾರೂ ತಿರುಗಿ ನೋಡುವುದಿಲ್ಲ.

ಒಂದೊಂದಾಗಿ ಬಾನೆಟ್ ಎತ್ತಿ ನೋಡೋಣ. 2013ರಲ್ಲಿ ಬಂದ ಇಕೋಸ್ಪೋರ್ಟಿನ ಒಂದು ಲೀಟರ್ ಇಕೋಬೂಸ್ಟ್ ಎಂಜಿನ್ನಿಗೆ ಇರುವುದು ಮೂರೇ ಸಿಲಿಂಡರು. ಟರ್ಬೋ ಸೇರಿಸಿಕೊಂಡು ಅದು 125 ಪಿಎಸ್ ಶಕ್ತಿ ಕೊಡುತ್ತಿತ್ತು. 2012ರಿಂದ ಸತತ ಮೂರು ವರ್ಷ ಅಂತರರಾಷ್ಟ್ರೀಯ ‘ವರ್ಷದ ಎಂಜಿನ್’ ಪ್ರಶಸ್ತಿ ಗೆದ್ದ ಎಂಜಿನ್ ಇದು. ಹುಟ್ಟಿದ್ದು ಡೆಟ್ರಾಯಿಟಿನಲ್ಲಲ್ಲ, ಇಂಗ್ಲೆಂಡಿನ ಡಂಟನ್‌ನಲ್ಲಿದ್ದ ಫೋರ್ಡ್ ಕೇಂದ್ರದಲ್ಲಿ. ಫಿಗೋ ಮತ್ತು ಇಕೋಸ್ಪೋರ್ಟಿನ ಒಂದೂವರೆ ಲೀಟರ್ ಡೀಸೆಲ್ ಎಂಜಿನ್ನಿನ ಕುಲ ಫೋರ್ಡ್ ಹಾಗೂ ಫ್ರಾನ್ಸಿನ ಪ್ಯೂಜೋ–ಸಿಟ್ರನ್ ಕೂಡಿ ಬೆಳೆಸಿದ್ದು. ಎಂಡೆವರಿನ 3.2 ಲೀಟರಿನ ಐದು ಸಿಲಿಂಡರ್ ಡೀಸೆಲ್ ಕೂಡ ಫೋರ್ಡಿನ ಯುರೋಪ್ ಶಾಖೆಯ ಬಳಗದ್ದೇ.

ಷೆವರ್ಲೆ ಕತೆ ಇನ್ನೂ ಮಜವಾಗಿದೆ. ಸ್ಪಾರ್ಕ್ ಎಂದು ಮಾರಿದ್ದು ಕೊರಿಯಾದ ಡೇವೂ ಮಾಟಿಜ್‌ನ ಮುಂದಿನ ಪೀಳಿಗೆಯನ್ನು. ಆಪ್ಟ್ರಾ ಎಂಬುದು ಡೇವೂ ಲಸೆಟ್ಟಿ. ಮದುವೆ ದಿಬ್ಬಣಕ್ಕೆ, ಧರ್ಮಸ್ಥಳದ ಟ್ರಿಪ್ಪಿಗೆ ಬಾಡಿಗೆಗೆ ಸಿಗುತ್ತಿದ್ದ ಟವೇರಾ ಜಪಾನಿನ ಇಸುಝು ಗಾಡಿ. ಕ್ರೂಜ್ ಡೀಸೆಲ್ಲಿನ 150 ಪಿಎಸ್ ಎಂಜಿನ್ನಿನ ವಿನ್ಯಾಸ ಇಟಲಿಯ ವಿ.ಎಂ. ಮೊಟೋರಿ ಕಂಪನಿಯದು. ಈಗ ಅಮೆರಿಕದ ಹೆಸರು ಹೊತ್ತು ಓಡುವ ಜೀಪ್ ಕಂಪಾಸ್‌ನ ಡೀಸೆಲ್ ಎಂಜಿನ್ ಕೂಡ ಇಟಲಿಯ ಫಿಯೆಟ್‌ನದು. ಬಾನೆಟ್ ಮೇಲಿನ ಹೆಸರು, ಚಿಹ್ನೆ ಬಿಟ್ಟರೆ ಈ ಗಾಡಿಗಳಲ್ಲಿ ಅಮೆರಿಕವನ್ನು ಹುಡುಕಲು ಟಾರ್ಚ್ ಬೇಕು.

ಇದರಲ್ಲಿ ಮೋಸವೇನೂ ಇಲ್ಲ. ಅಮೆರಿಕದ ನೆಲಕ್ಕೆಂದೇ ಹುಟ್ಟಿದ ಎಂಜಿನ್ನನ್ನು ಇಲ್ಲಿಗೆ ತಂದಿದ್ದರೆ ಕೊಳ್ಳುವವರು ಸಿಗುತ್ತಿರಲಿಲ್ಲ, ಅಷ್ಟೇ. ಅಲ್ಲಿ ಪೆಟ್ರೋಲು ಅಗ್ಗ, ರಸ್ತೆ ನೇರ, ಊರಿಂದೂರಿಗೆ ದೂರ. ಹಾಗಾಗಿ ಅಲ್ಲಿನವರು ಶಕ್ತಿ ಬೇಕೆಂದರೆ ಎಂಜಿನ್ನನ್ನೇ ದೊಡ್ಡದು ಮಾಡಿದರು. 1932ರಲ್ಲಿ ಹೆನ್ರಿ ಫೋರ್ಡ್ ಎಂಟು ಸಿಲಿಂಡರಿನ ವಿ8 ಎಂಜಿನ್ನನ್ನು ಜನಸಾಮಾನ್ಯರ ಕೈಗೆಟಕುವ ಬೆಲೆಗೆ ಇಳಿಸಿದ. 1955ರಲ್ಲಿ ಷೆವರ್ಲೆ ತನ್ನ ಸಣ್ಣ ಬ್ಲಾಕಿನ ವಿ8 ತಂದಿತು. ಅಲ್ಲಿಂದ ಮುಂದೆ ಅಮೆರಿಕದ ಗ್ಯಾರೇಜುಗಳ ದೇವರು ಅದೇ. ಅತ್ತ ಬ್ರಿಟನ್ನಿನಲ್ಲಿ ಸಿಲಿಂಡರಿನ ಅಗಲ ಲೆಕ್ಕ ಹಾಕಿ ತೆರಿಗೆ ಹಾಕುತ್ತಿದ್ದರು. ಅದರಿಂದ ಅವರ ಎಂಜಿನ್‌ಗಳು ಸಣ್ಣವಾದವು. ಎಂಜಿನ್ನಿನ ಗುಣ ಎಂದು ನಾವು ಹೊಗಳುವುದರಲ್ಲಿ ಅರ್ಧ ಎಂಜಿನಿಯರನದಾದರೆ ಉಳಿದರ್ಧ ಆಯಾ ದೇಶದ ತೆರಿಗೆ ಇಲಾಖೆಯದು.

ನಮ್ಮ ತೆರಿಗೆ ಇಲಾಖೆಯೂ ಹಿಂದೆ ಬಿದ್ದಿಲ್ಲ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರಿಗೆ ಅಬಕಾರಿ ಸುಂಕ ಇಳಿಸಿದರು. ಸಣ್ಣದೆಂದರೆ ಉದ್ದ ನಾಲ್ಕು ಮೀಟರಿನೊಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರಬಾರದು, ಡೀಸೆಲ್ 1500 ಸಿಸಿ ಮೀರಬಾರದು. ಇಕೋಸ್ಪೋರ್ಟಿನ ಉದ್ದ ನಾಲ್ಕು ಮೀಟರಿಗೆ ಕೂದಲೆಳೆಯಷ್ಟು ಕಡಿಮೆ ಇದ್ದದ್ದು ಈ ಕಾರಣಕ್ಕೆ. ಅದರ ಒಂದು ಲೀಟರ್ ಪೆಟ್ರೋಲ್ ಎಂಜಿನ್ ಈ ಗೆರೆಯೊಳಗೆ ಕೂತಿತು, ಒಂದೂವರೆ ಲೀಟರಿನ ಪೆಟ್ರೋಲ್ ಎಂಜಿನ್ ಗೆರೆ ದಾಟಿ ಹೆಚ್ಚು ತೆರಿಗೆ ಕಟ್ಟಿತು. ಇಂಥ ಅಂಗಳದಲ್ಲಿ ಐದು ಲೀಟರಿನ ವಿ8 ಏನು ಮಾಡೀತು?

ಆದರೂ ಒಂದು ಬಂತು. 2016ರಲ್ಲಿ ಫೋರ್ಡಿನ ಮಸ್ಟಾಂಗ್ ಜಿಟಿ. ಆ ತಲೆಮಾರಿನಲ್ಲಿ ಮೊದಲ ಬಾರಿಗೆ ಮಸ್ಟಾಂಗಿಗೆ ಕಾರ್ಖಾನೆಯಿಂದಲೇ ಬಲಗಡೆ ಸ್ಟೇರಿಂಗ್ ಸಿಕ್ಕಿತ್ತು. ಅದಿಲ್ಲದಿದ್ದರೆ ಇಲ್ಲಿಗೆ ಬರುತ್ತಲೇ ಇರಲಿಲ್ಲ. ಐದು ಲೀಟರ್, ಎಂಟು ಸಿಲಿಂಡರ್, 401 ಪಿಎಸ್, ಶೋರೂಮ್ ಬೆಲೆ 65 ಲಕ್ಷ ರೂಪಾಯಿ. 20 ಲಕ್ಷ ಮೀರಿದ ಕಾರಿಗೆ ಕರ್ನಾಟಕದ ಜೀವಿತಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್ ಬೇರೆ. ಲೆಕ್ಕ ಹಾಕಿದರೆ ಬರೀ ರಸ್ತೆ ತೆರಿಗೆಯ ದುಡ್ಡಿನಲ್ಲಿ ಒಂದು ಒಳ್ಳೆಯ ಇಕೋಸ್ಪೋರ್ಟ್ ಬರುತ್ತಿತ್ತು. ಇಷ್ಟೆಲ್ಲ ಕೊಟ್ಟು ಹೆಬ್ಬಾಳ ಫ್ಲೈಓವರಿನ ಕೆಳಗೆ ಫಸ್ಟ್ ಗೇರಿನಲ್ಲಿ ತೆವಳುವ ಸುಖ ಯಾರಿಗೆ ಬೇಕೋ ಅವರಿಗೆ.

ಹೆಬ್ಬಾಳದ ಮಾತು ಬಂತಲ್ಲ, ಪಿಕಪ್ ಎಂದರೆ ಏನೆಂದು ಅಲ್ಲೇ ತಿಳಿಯುತ್ತದೆ. ಕಾರಿನ ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಹಾಕುವ ಹಾರ್ಸ್‌ಪವರ್, ಎಂಜಿನ್ ಜೋರಾಗಿ ಸುತ್ತುವಾಗ ಸಿಗುವ ಶಕ್ತಿ. ಏರ್‌ಪೋರ್ಟ್ ರಸ್ತೆಯ ಎಲಿವೇಟೆಡ್ ಮೇಲೆ ಮುಂಜಾನೆ ಅದು ಉಪಯೋಗಕ್ಕೆ ಬಂದೀತು. ಸಿಗ್ನಲ್ಲಿನಲ್ಲಿ ನಿಂತ ಗಾಡಿಯನ್ನು ಎಳೆದು ಹೊರಡಿಸುವುದು ಟಾರ್ಕ್, ಅಂದರೆ ತಿರುಚುವ ಬಲ. ಅದು ಎಷ್ಟು ಕಡಿಮೆ ಸುತ್ತಿನಲ್ಲಿ ಸಿಗುತ್ತದೆ ಎಂಬುದು ಮುಖ್ಯ. ಫಿಗೋದ ಡೀಸೆಲ್ ಎಂಜಿನ್ನಿನ 215 ನ್ಯೂಟನ್ ಮೀಟರ್ ಬಲ ನಿಮಿಷಕ್ಕೆ 1750 ಸುತ್ತಿಗೇ ಸಿಗುತ್ತಿತ್ತು. ಕಾಲಿಟ್ಟ ತಕ್ಷಣ ಗಾಡಿ ಮುಂದಕ್ಕೆ ನುಗ್ಗುವುದು ಇದರಿಂದ. ಇದೇ ಗುಣಕ್ಕಾಗಿ ಅಮೆರಿಕದವನು ಐದಾರು ಲೀಟರಿನ ಎಂಜಿನ್ ಇಟ್ಟುಕೊಳ್ಳುತ್ತಾನೆ. ನಾವು ಅದೇ ಸುಖವನ್ನು ಒಂದೂವರೆ ಲೀಟರ್ ಡೀಸೆಲ್ಲಿನಲ್ಲಿ, ಟರ್ಬೋ ಸಹಾಯದಿಂದ, ‘ಎಷ್ಟು ಕೊಡುತ್ತೆ?’ ಎಂಬ ಪ್ರಶ್ನೆಗೂ ಮರ್ಯಾದೆಯ ಉತ್ತರ ಕೊಡುತ್ತಾ ಪಡೆದೆವು. ನನ್ನ ಮಟ್ಟಿಗೆ ಬುದ್ಧಿವಂತಿಕೆ ಇರುವುದು ಎರಡನೆಯದರಲ್ಲಿ.

ಹಾಗಾದರೆ ನಿಜವಾದ ಅಮೆರಿಕನ್ ಎಂಜಿನ್ ಉತ್ತರ ಬೆಂಗಳೂರಿನಲ್ಲಿ ಎಲ್ಲಿದೆ? ಯಲಹಂಕದವರು ತಲೆ ಎತ್ತಿ ನೋಡಿದರೆ ಸಾಕು. ಏರ್ ಶೋ ಬಂದ ವರ್ಷ ಎಫ್-16 ಕಿಟಕಿ ಗಾಜು ನಡುಗಿಸುವುದು ಇರಲಿ, ನಮ್ಮದೇ ಯುದ್ಧವಿಮಾನ ತೇಜಸ್‌ನ ಎಂಜಿನ್ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಫ್404. ತೇಜಸ್ ಕಟ್ಟುವ ಎಚ್ಎಎಲ್ 2021ರ ಆಗಸ್ಟ್‌ನಲ್ಲಿ ಇಂಥ 99 ಎಂಜಿನ್‌ಗಳಿಗೆ ಆರ್ಡರ್ ಕೊಟ್ಟಿತು. ಅದರಲ್ಲಿ ಮೊದಲನೆಯದು ಕೈಸೇರಿದ್ದು 2025ರ ಮಾರ್ಚಿನಲ್ಲಿ. ಬಿಡಿಭಾಗ ಬರಲಿಲ್ಲ ಎಂದು ಷೆವರ್ಲೆ ಮಾಲೀಕ ಗೊಣಗುವಾಗ ವಾಯುಪಡೆಯೂ ಅವನ ಜತೆಗಿದೆ ಎಂದು ಸಮಾಧಾನ ಹೇಳಬಹುದು.

ನೆಲದ ಮೇಲೆ ಹುಡುಕುವವರು ಯಶವಂತಪುರಕ್ಕೆ ಹೋಗಬೇಕು. ಎಪಿಎಂಸಿ ಯಾರ್ಡಿಗೆ ಈರುಳ್ಳಿ, ಆಲೂಗಡ್ಡೆ ಹೊತ್ತು ಬರುವ ಟಾಟಾ ಲಾರಿಗಳ ಸಾಲಿನಲ್ಲಿ ಡ್ರೈವರುಗಳನ್ನು ಕೇಳಿದರೆ ಹಳೆಯ 1613ರಂಥ ಗಾಡಿಗಳ ಎಂಜಿನ್ ‘ಕಮಿನ್ಸ್’ ಎಂದು ಹೇಳುತ್ತಾರೆ. ಕಮಿನ್ಸ್ ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಊರಿನಲ್ಲಿ 1919ರಲ್ಲಿ ಹುಟ್ಟಿದ ಕಂಪನಿ. ಪುಣೆಯಲ್ಲಿ 1962ರಿಂದ ಬೇರೂರಿದೆ. 1993ರಲ್ಲಿ ಟಾಟಾದವರೊಂದಿಗೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಎಂಜಿನ್ ಕಾರ್ಖಾನೆ ಮಾಡಿತು. ಅಲ್ಲಿಂದ ಬಂದ ಆರು ಸಿಲಿಂಡರಿನ 5.9 ಲೀಟರ್ ಎಂಜಿನ್ ಇದೆಯಲ್ಲ, ಅದು ಬಿ ಸರಣಿಯದು. ಅದೇ ಸರಣಿಯ ಅದೇ ಗಾತ್ರದ ಎಂಜಿನ್ನನ್ನು 1980ರ ದಶಕದ ಕೊನೆಯಲ್ಲಿ ಡಾಡ್ಜ್ ಕಂಪನಿ ತನ್ನ ಪಿಕಪ್ ಟ್ರಕ್ಕಿಗೆ ಹಾಕಿತು. ಅಮೆರಿಕದ ಡೀಸೆಲ್ ಹುಚ್ಚರು ಇವತ್ತಿಗೂ ಹಳೆ ಡಾಡ್ಜ್‌ನಿಂದ ಆ ಎಂಜಿನ್ ಇಳಿಸಿ, ದೊಡ್ಡ ಟರ್ಬೋ ಕೂರಿಸಿ, ಸಾವಿರ ಹಾರ್ಸ್‌ಪವರ್ ತೆಗೆದು ಪಂದ್ಯಕ್ಕೆ ಒಯ್ಯುತ್ತಾರೆ. ಎರಕದ ಕಬ್ಬಿಣದ ಬ್ಲಾಕು ಅಷ್ಟು ಗಟ್ಟಿ. ಬೆಲ್ಟಿನ ಗೋಜೇ ಇಲ್ಲ, ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಹಲ್ಲಿನ ಗೇರು.

ಗೊರಗುಂಟೆಪಾಳ್ಯದ ಜಾಮ್‌ನಲ್ಲಿ ಕಾರಿನೊಳಗೆ ಕೂತ ಹುಡುಗ ಮೊಬೈಲಿನಲ್ಲಿ ಡಾಡ್ಜ್ ಟ್ರಕ್ಕಿನ ವಿಡಿಯೋ ನೋಡುತ್ತಿರುತ್ತಾನೆ. ಮುಂದಿನ ಲಾರಿ ಬಿಟ್ಟ ಹೊಗೆಗೆ ಬೈಯುತ್ತಾ ಗಾಜು ಏರಿಸುತ್ತಾನೆ. ಎರಡೂ ಒಂದೇ ಮನೆತನದ್ದೆಂದು ಅವನಿಗೆ ಹೇಳುವವರಿಲ್ಲ. ಸಂಜೆ ಮನೆಗೆ ಹೋದ ಮೇಲೆ ಕರೆಂಟು ಕೈಕೊಟ್ಟರೆ ಅಪಾರ್ಟ್‌ಮೆಂಟಿನ ಹಿಂಭಾಗದಲ್ಲಿ ಗುಡುಗುಡು ಎಂದು ಶುರುವಾಗುವ ಜನರೇಟರ್ ಕೂಡ ಎಷ್ಟೋ ಕಡೆ ಕಮಿನ್ಸೇ.

ಲಾರಿಯ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಗಿರಾಕಿಯ ಇಷ್ಟದಂತೆ ಗಾಡಿ ಕಟ್ಟಿಸುವ ಕಲೆ ಅಮೆರಿಕದವರ ಸ್ವತ್ತೆಂದು ನಾವು ತಿಳಿದಿದ್ದೇವೆ. 1930–40ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಹಳೆ ಫೋರ್ಡುಗಳ ಮಡ್‌ಗಾರ್ಡ್ ಕಿತ್ತು, ವಿ8 ಕೂರಿಸಿ, ಒಣಗಿದ ಕೆರೆಯಂಗಳದಲ್ಲಿ ಓಡಿಸಿ ಹಾಟ್ ರಾಡ್ ಎಂಬ ಪಂಥವನ್ನೇ ಹುಟ್ಟಿಸಿದ್ದು ನಿಜ. ಆದರೆ ನಮ್ಮಲ್ಲಿ ಲಾರಿ ಕೊಳ್ಳುವವನು ಎಷ್ಟೋ ಕಾಲ ಕೊಳ್ಳುತ್ತಿದ್ದದ್ದು ಬರೀ ಷಾಸಿ. ಎಂಜಿನ್, ಚಕ್ರ, ಒಂದು ಸೀಟು, ಅಷ್ಟೇ. ಡ್ರೈವರು ಮುಖಕ್ಕೆ ಬಟ್ಟೆ ಸುತ್ತಿಕೊಂಡು ಬಿಸಿಲಲ್ಲಿ ಅದನ್ನು ಓಡಿಸಿಕೊಂಡು ಬರುವುದನ್ನು ತುಮಕೂರು ರಸ್ತೆಯಲ್ಲಿ ನೋಡದವರಾರು! ಆಮೇಲೆ ಬಾಡಿ ಕಟ್ಟುವವರ ಶೆಡ್ಡಿನಲ್ಲಿ ಮರ, ತಗಡು, ಬಣ್ಣ, ನಿಂಬೆಹಣ್ಣು–ಮೆಣಸಿನಕಾಯಿ, ಮನೆದೇವರ ಹೆಸರು. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಇದನ್ನು ಹವ್ಯಾಸ ಎಂದು ನಾವು ಯಾರೂ ಕರೆಯಲಿಲ್ಲ, ಹೊಟ್ಟೆಪಾಡಿನ ಭಾಗವಾಗಿತ್ತು.

ಅಮೆರಿಕದ ಇನ್ನೊಂದು ಅಸಲಿ ಯಂತ್ರ ಜೀಪು. ಎರಡನೇ ಮಹಾಯುದ್ಧಕ್ಕಾಗಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಕಟ್ಟಿದವು. ಅದರ 2.2 ಲೀಟರ್ ಎಂಜಿನ್ನಿಗೆ ಇದ್ದದ್ದು 60 ಹಾರ್ಸ್‌ಪವರ್. ಇವತ್ತಿನ ಸಣ್ಣ ಕಾರಿಗಿಂತ ಕಡಿಮೆ. ಆದರೆ ಕಡಿಮೆ ಸುತ್ತಿನಲ್ಲೇ ಎಳೆಯುವ ಬಲ, ನಾಲ್ಕೂ ಚಕ್ರಕ್ಕೆ ಓಟ, ಸುತ್ತಿಗೆ–ಸ್ಪ್ಯಾನರ್ ಇದ್ದರೆ ಕಾಡಿನಲ್ಲೇ ರಿಪೇರಿ. 1947ರಲ್ಲಿ ಮಹೀಂದ್ರಾದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿದರು. ಮುಂದೆ ಡೀಸೆಲ್ ಬೇಕೆಂದಾಗ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಎಂಜಿನ್ ಬಂತು, ಆಮೇಲೆ ಪ್ಯೂಜೋ ಎಂಜಿನ್ ಬಂತು, ಮೂತಿ ಮಾತ್ರ ಹಾಗೇ ಉಳಿಯಿತು. ಸಕಲೇಶಪುರ, ಮಡಿಕೇರಿಯ ತೋಟದವರಿಗೆ, ಚಿಕ್ಕಮಗಳೂರಿನ ಬೆಟ್ಟ ಹತ್ತಿಸುವವರಿಗೆ ಅದು ಅಮೆರಿಕದ್ದೆಂಬ ನೆನಪೂ ಇಲ್ಲ. 2018ರಲ್ಲಿ ಮಹೀಂದ್ರಾ ಅದೇ ಮೂತಿಯ ರಾಕ್ಸರ್ ಗಾಡಿಯನ್ನು ಅಮೆರಿಕದ ಮಿಷಿಗನ್ ರಾಜ್ಯದಲ್ಲೇ ಕಟ್ಟಿ ಮಾರಲು ಹೊರಟಾಗ ಆಗ ಜೀಪ್ ಹೆಸರಿನ ಒಡೆಯರಾಗಿದ್ದ ಫಿಯೆಟ್ ಕ್ರೈಸ್ಲರ್ ಕಂಪನಿ ದೂರು ಕೊಟ್ಟು ತಡೆಯಿತು. ಮಹೀಂದ್ರಾ ಮುಂಭಾಗದ ರೂಪ ಬದಲಿಸಬೇಕಾಯಿತು. ಎಪ್ಪತ್ತು ವರ್ಷ ಸಾಕಿದವರಿಗೇ ಮೂತಿಯ ಮೇಲೆ ಹಕ್ಕಿಲ್ಲವೆಂದ ಹಾಗಾಯಿತು.

ಅಮೆರಿಕದ ಕಾರು ಬೆಂಗಳೂರಿನದೇ ಆಗಬಹುದಾಗಿದ್ದ ಕಾಲವೂ ಒಂದಿತ್ತು. ಭಾನುವಾರ ಬೆಳಗಿನ ಜಾವ ಹೆಬ್ಬಾಳ ದಾಟಿ ದೇವನಹಳ್ಳಿ ಮೇಲೆ ನಂದಿಬೆಟ್ಟಕ್ಕೆ ಗಾಡಿ ಓಡಿಸುವ ಹುಡುಗರು ಮುದ್ದೇನಹಳ್ಳಿಯ ಆಸುಪಾಸಿನಲ್ಲೇ ಹಾದುಹೋಗುತ್ತಾರೆ. ಆ ಊರಿನಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ, ಯುರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡು 1940ರಲ್ಲಿ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಮೈಸೂರು ಸಂಸ್ಥಾನ ನೆರವಿಗೆ ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಯುದ್ಧದ ನೆಪ ಹೇಳಿ ಅಡ್ಡಗಾಲು ಹಾಕಿತು. ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿದ್ದು ಮುಂಬಯಿಯಲ್ಲಿ. ಡಾಡ್ಜ್, ಪ್ಲೈಮತ್ ಕಾರುಗಳು ಅಲ್ಲಿಂದ ಹೊರಬಂದವು.

ಬೆಂಗಳೂರಿಗೆ ಸಿಕ್ಕಿದ್ದು ಅದೇ ವಾಲಚಂದ್ ಅವರ ಇನ್ನೊಂದು ಕೂಸು. ಅಮೆರಿಕದ ವಿಲಿಯಂ ಪಾಲಿ ಎಂಬ ವಿಮಾನ ವ್ಯಾಪಾರಿಯ ಪರಿಚಯದಿಂದ 1940ರ ಡಿಸೆಂಬರಿನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಇವತ್ತಿನ ಎಚ್ಎಎಲ್. ಕಾರು ತಪ್ಪಿತು, ವಿಮಾನ ಸಿಕ್ಕಿತು. ನಷ್ಟವಾಯಿತೆಂದು ನನಗೆ ಅನ್ನಿಸುವುದಿಲ್ಲ.

ಅಮೆರಿಕದ ಕಂಪನಿಗಳು ಎದ್ದು ಹೋದದ್ದಕ್ಕೆ ಗ್ಯಾರೇಜಿನ ಮುಂದೆ ನಾನಾ ಕಾರಣ ಕೇಳುತ್ತೇವೆ. ಹತ್ತು ವರ್ಷದಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಯಿತೆಂದು ಫೋರ್ಡ್ ತಾನೇ ಹೇಳಿತು. ಚೆನ್ನೈ, ಸಾನಂದ್‌ಗಳಲ್ಲಿ ಎರಡು ದೊಡ್ಡ ಕಾರ್ಖಾನೆ ಕಟ್ಟಿ, ಅವು ತುಂಬುವಷ್ಟು ಕಾರು ಮಾರಲಾಗಲಿಲ್ಲ. ಸಾನಂದ್ ಕಾರ್ಖಾನೆ 725.7 ಕೋಟಿ ರೂಪಾಯಿಗೆ ಟಾಟಾ ಪಾಲಾಯಿತು. ಷೆವರ್ಲೆ ಮೇಲಿನ ನಂಬಿಕೆ ಕೆಟ್ಟದ್ದಕ್ಕೆ 2013ರಲ್ಲಿ 1.14 ಲಕ್ಷ ಟವೇರಾಗಳನ್ನು ವಾಪಸು ಕರೆಸಿದ್ದೂ ಒಂದು ಕಾರಣ. ಹೊಗೆ ಪರೀಕ್ಷೆಯಲ್ಲಿ ಕೈಚಳಕ ನಡೆದಿತ್ತೆಂದು ಆಗ ಬಯಲಾಯಿತು. ತಮಾಷೆಯೆಂದರೆ ಷೆವರ್ಲೆಯ ಒಡೆಯ ಜನರಲ್ ಮೋಟಾರ್ಸ್ ಈಗ ಇಲ್ಲಿ ಒಂದೂ ಕಾರು ಮಾರದಿದ್ದರೂ 2003ರಲ್ಲಿ ಬೆಂಗಳೂರಿನಲ್ಲಿ ತೆರೆದ ಅದರ ತಾಂತ್ರಿಕ ಕೇಂದ್ರ ಕೆಲಸ ಮಾಡುತ್ತಲೇ ಇದೆ. ಫೋರ್ಡ್ ಕೂಡ 2029ರಿಂದ ಚೆನ್ನೈ ಕಾರ್ಖಾನೆಯಲ್ಲಿ ಎಂಜಿನ್ ಮಾಡುವುದಾಗಿ 3,250 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿದೆ. ಆ ಎಂಜಿನ್‌ಗಳು ರಫ್ತಿಗೆ. ಅಂದರೆ ಅವರಿಗೆ ನಮ್ಮ ಎಂಜಿನಿಯರು, ಕಾರ್ಮಿಕರು ಬೇಕು, ಗಿರಾಕಿಗಳು ಬೇಡ.

ಕೊನೆಗೆ, ಇಂಥ ಗಾಡಿಯನ್ನು ಇಟ್ಟುಕೊಂಡವರಿಗೆ, ಕೊಳ್ಳಲು ಹೊರಟವರಿಗೆ ಎರಡು ಮಾತು. ಸೆಕೆಂಡ್ ಹ್ಯಾಂಡ್ ಇಕೋಬೂಸ್ಟ್ ಕೊಳ್ಳುವುದಾದರೆ ಸರ್ವಿಸ್ ಪುಸ್ತಕ ನೋಡಿಯೇ ದುಡ್ಡು ಕೊಡಿ. ಆ ಎಂಜಿನ್ನಿನ ಟೈಮಿಂಗ್ ಬೆಲ್ಟು ಎಂಜಿನ್ ಆಯಿಲಿನಲ್ಲೇ ನೆನೆಯುತ್ತಾ ತಿರುಗುತ್ತದೆ. ಕಂಪನಿ ಹೇಳಿದ ಗ್ರೇಡಿನ ಆಯಿಲ್ ಹಾಕದಿದ್ದರೆ ಬೆಲ್ಟು ಸವೆದು, ಅದರ ಚೂರು ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಂಡು ಎಂಜಿನ್ನೇ ಹೋಗುತ್ತದೆ. ಅಗ್ಗದ ಆಯಿಲಿನಲ್ಲಿ ಉಳಿಸಿದ ದುಡ್ಡು ಅಲ್ಲಿ ಬಡ್ಡಿ ಸಮೇತ ಹೋಗುತ್ತದೆ.

ಮಾರ್ಪಾಡಿನ ವಿಷಯ ಇನ್ನೂ ನಾಜೂಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಾರ್ಖಾನೆಯಿಂದ ಬಂದಾಗ ಇದ್ದ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಅಕ್ರಮ ಬದಲಾವಣೆಗೂ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಲಾರಿಗೆ ಬಾಡಿ ಕಟ್ಟಿಸುವುದಕ್ಕೆ ಇದು ತಗಲುವುದಿಲ್ಲ, ಏಕೆಂದರೆ ಅಲ್ಲಿ ಬಾಡಿ ಕಟ್ಟಿಸಿದ ಮೇಲೆಯೇ ನೋಂದಣಿ. ಹಳೆ ಜೀಪಿಗೆ ಬೇರೆ ಎಂಜಿನ್ ಕೂರಿಸಿದವರಿಗೆ, ಮುಂದೆ ಕಬ್ಬಿಣದ ಗಾರ್ಡ್ ಬಿಗಿಸಿದವರಿಗೆ, ಭೋರ್ಗರೆಯುವ ಸೈಲೆನ್ಸರ್ ಹಾಕಿಸಿದವರಿಗೆ ಕಾನೂನು ಬಿಸಿ ಮುಟ್ಟಿಸುತ್ತದೆ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೂ ಇದನ್ನೇ.

ಈ ಕಾನೂನು ಹವ್ಯಾಸಿಗಳಿಗೆ ಅನ್ಯಾಯ ಮಾಡಿದೆ ಎಂದು ನಾನೂ ಹೇಳುತ್ತೇನೆ. ಬ್ರೇಕು, ದೀಪ, ಹೊಗೆ ಪರೀಕ್ಷೆ ಮಾಡಿ ಅನುಮತಿ ಕೊಡುವ ಒಂದು ಸರಳ ದಾರಿ ಇರಬೇಕಿತ್ತು. ಅದು ಬರುವ ತನಕ, ಹಳೆ ಜೀಪು ಕೊಳ್ಳುವವರು ಮುಂಗಡ ಕೊಡುವ ಮುಂಚೆ ಎಂಜಿನ್ ಮತ್ತು ಷಾಸಿ ನಂಬರು ಆರ್‌ಸಿಯಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಿ. ಕೆಎ-04 ಆದರೆ ಯಶವಂತಪುರದ, ಕೆಎ-50 ಆದರೆ ಯಲಹಂಕದ ಆರ್‌ಟಿಒ ಕಚೇರಿಗೆ ಒಮ್ಮೆ ಹೋಗಿ ಕೇಳಿ. ತಾಳೆಯಾಗದಿದ್ದರೆ ಗಾಡಿ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡಿ.